ಬೆಕ್ಕಿಗೆ ನೂರಕ್ಕೆ ಅಂಕ ಕೊಟ್ಟ ಹ್ಯಾರಿಸನ್ ವಿಯರ್

ಹಾಸ್ಟೆಲ್ ಮೆಸ್ಸಿನ ಹಿಂದೆ ಹಾಲಿಗೆ ಕಾಯುವ ಬೆಕ್ಕಿಗೆ ಹುಡುಗರು ಹೆಸರಿಟ್ಟಿರ್ತಾರ. ಆದರೆ ಅದರ ಅಪ್ಪ ಯಾರು, ಅಜ್ಜ ಯಾರು ಅಂತ ಯಾರಿಗೂ ಗೊತ್ತಿರೋದಿಲ್ಲ. ಗಂಗಾವತಿಯ ರೈಸ್ ಮಿಲ್ಲುಗಳಲ್ಲಿ ಇಲಿ ಹಿಡಿಯುವ ಬೆಕ್ಕುಗಳದೂ ಅದೇ ಕಥೆ. ಫೋನ್ ತೆಗೆದರೆ ಮಾತ್ರ ಬೇರೆಯದೇ ಲೋಕ. ಪರ್ಷಿಯನ್ ಮರಿ ಮಾರಾಟಕ್ಕಿದೆ, ಪ್ಯೂರ್ ಬ್ರೀಡ್, ಪೇಪರ್ ಸಮೇತ ಅಂತ ಜಾಹೀರಾತು. ಬೆಕ್ಕಿಗೆ ಎಂಥ ಪೇಪರ್ ರೀ? ಅದನ್ನ ಬರೆದು ಕೊಡೋರು ಯಾರು? ಅದರ ಮೇಲೆ ಇರೋದಾದರೂ ಏನು?

ಈ ಪ್ರಶ್ನೆಗಳ ಬೆನ್ನು ಹತ್ತಿ ಹೋದರೆ ಸುಮಾರು ನೂರೈವತ್ತು ವರ್ಷ ಹಿಂದಿನ ಲಂಡನ್ನಿಗೆ ಹೋಗಿ ನಿಲ್ಲುತ್ತೇವೆ. ಅಲ್ಲಿ ಸಿಗುವ ವ್ಯಕ್ತಿ ವಿಜ್ಞಾನಿ ಅಲ್ಲ, ಪಶುವೈದ್ಯ ಅಲ್ಲ, ರಾಜಮನೆತನದವರೂ ಅಲ್ಲ. ಪತ್ರಿಕೆಗೆ ಪ್ರಾಣಿಗಳ ಚಿತ್ರ ಬರೆದು ಹೊಟ್ಟೆ ಹೊರೆದುಕೊಂಡ ಕಲಾವಿದ, ಹ್ಯಾರಿಸನ್ ವಿಯರ್. ಬೆಕ್ಕಿಗೂ ಒಂದು ಸ್ಟ್ಯಾಂಡರ್ಡ್ ಬರೆದವರು ಅವರೇ. ಆ ಸ್ಟ್ಯಾಂಡರ್ಡ್ ದಾರಿ ತಪ್ಪಿತು ಅನಿಸಿದಾಗ ತಾವೇ ಕಟ್ಟಿದ ಸಂಘದ ಕುರ್ಚಿ ಬಿಟ್ಟು ಎದ್ದು ಹೋದವರೂ ಅವರೇ.

ಏಳು ವರ್ಷದ ಬಾಂಡ್

ವಿಯರ್ ಹುಟ್ಟಿದ್ದು 1824ರ ಮೇ 5ರಂದು, ಇಂಗ್ಲೆಂಡಿನ ಸಸೆಕ್ಸ್ ಪ್ರಾಂತದ ಲೂಯಿಸ್ ಎಂಬ ಊರಿನಲ್ಲಿ. ತಂದೆ ಆ ಊರಿನ ಬ್ಯಾಂಕೊಂದರ ಮ್ಯಾನೇಜರ್. ಮುಂದೆ ಲಂಡನ್ನಿನಲ್ಲಿ ಸರ್ಕಾರಿ ನೌಕರಿ. ಹುಡುಗನಿಗೆ ಓದಿಗಿಂತ ಚಿತ್ರದ ಹುಚ್ಚು ಹೆಚ್ಚು. 1837ರಲ್ಲಿ, ಹದಿಮೂರನೇ ವಯಸ್ಸಿಗೆ, ಶಾಲೆ ಬಿಡಿಸಿ ಜಾರ್ಜ್ ಬ್ಯಾಕ್ಸ್ಟರ್ ಎಂಬ ಬಣ್ಣದ ಮುದ್ರಣಗಾರನ ಬಳಿ ಏಳು ವರ್ಷದ ಕರಾರಿಗೆ ಹಾಕಿದರು. ಈಗಿನ ಕಂಪನಿಗಳ ಸರ್ವಿಸ್ ಬಾಂಡ್ ಇದ್ದಂಗೆ ಅಂತ ತಿಳ್ಕೊಳ್ರಿ.

ಬ್ಯಾಕ್ಸ್ಟರ್ ಸಾಮಾನ್ಯ ಮನುಷ್ಯ ಅಲ್ಲ. ಎಣ್ಣೆ ಬಣ್ಣದಲ್ಲಿ ಚಿತ್ರ ಅಚ್ಚು ಹಾಕುವ ವಿಧಾನಕ್ಕೆ 1835ರಲ್ಲೇ ಪೇಟೆಂಟ್ ಪಡೆದವನು. ಮೊದಲು ಲೋಹದ ತಗಡಿನಿಂದ ಚಿತ್ರದ ಗೆರೆಗಳು, ಆಮೇಲೆ ಒಂದೊಂದು ಬಣ್ಣಕ್ಕೆ ಒಂದೊಂದು ಅಚ್ಚು. ಒಂದೇ ಹಾಳೆ ಹತ್ತಾರು ಸಲ ಪ್ರೆಸ್ಸಿನ ಕೆಳಗೆ ಹೋಗಬೇಕು, ಪ್ರತಿ ಸಲವೂ ಅಚ್ಚು ಕೂದಲೆಳೆ ಆಚೀಚೆ ಆಗದಂತೆ ಅದೇ ಜಾಗಕ್ಕೆ ಕೂರಬೇಕು. ಈ ಯಂತ್ರದ ಕೆಲಸದಲ್ಲಿ ವಿಯರ್‌ಗೆ ಬೇಸರ ಬಂತು, ಬಿಡಿಸಿ ಕಳಿಸಿ ಎಂದು ಕೇಳಿಕೊಂಡರು. ಬ್ಯಾಕ್ಸ್ಟರ್ ಒಪ್ಪಲಿಲ್ಲ. ಬಿಡುವು ಸಿಕ್ಕಾಗಲೆಲ್ಲ ಹಕ್ಕಿ, ಕೋಳಿ, ನಾಯಿ, ಬೆಕ್ಕು ಬರೆಯುತ್ತ ಗುರುವಿಲ್ಲದೆ ಕೈ ಪಳಗಿಸಿಕೊಂಡರು. ಕಣ್ಣಳತೆ, ಕೂದಲೆಳೆಯಷ್ಟು ವ್ಯತ್ಯಾಸ ಹಿಡಿಯುವ ಅಭ್ಯಾಸ, ಇವು ಬೇಡವಾದ ಆ ಕೆಲಸದಲ್ಲೇ ಬಂದವು ಎಂದರೆ ತಪ್ಪಾಗಲಾರದು.

1842ರಲ್ಲಿ ಇಲಸ್ಟ್ರೇಟೆಡ್ ಲಂಡನ್ ನ್ಯೂಸ್ ಎಂಬ ಚಿತ್ರ ಪತ್ರಿಕೆ ಆರಂಭವಾಯಿತು. ಮೊದಲ ಸಂಚಿಕೆಯಿಂದಲೇ ವಿಯರ್ ಅದಕ್ಕೆ ಚಿತ್ರ ಬರೆದರು. ಕ್ಯಾಮೆರಾ ಇನ್ನೂ ಪತ್ರಿಕೆಗೆ ಬಾರದ ಕಾಲ. ಮರದ ಹಲಗೆಯ ಮೇಲೆ ಚಿತ್ರ ಬರೆದು ಕೆತ್ತಿ ಅಚ್ಚು ಹಾಕಬೇಕು. 1845ರಲ್ಲಿ ಹೆಸರಾಂತ ಕುದುರೆ ಚಿತ್ರಕಾರ ಹೆರಿಂಗ್ ಅವರ ಮಗಳನ್ನು ಮದುವೆಯಾದರು. ಮನೆಯಲ್ಲಿ ಪಾರಿವಾಳ, ಕೋಳಿ ಸಾಕಿದರು. ಅವುಗಳ ಪ್ರದರ್ಶನಗಳಲ್ಲಿ ದಶಕಗಳ ಕಾಲ ತೀರ್ಪುಗಾರರಾಗಿ ಕೂತರು. ಚಾರ್ಲ್ಸ್ ಡಾರ್ವಿನ್ ಜೊತೆಗೂ ಪರಿಚಯ ಬೆಳೆಯಿತು. ಸಾಕುಪ್ರಾಣಿಗಳು ಹೇಗೆ ಬದಲಾಗುತ್ತವೆ ಎಂದು ಹುಡುಕುತ್ತಿದ್ದ ಡಾರ್ವಿನ್‌ಗೆ ಇಂಥ ಸಾಕಣೆದಾರರ ಅನುಭವವೇ ಲ್ಯಾಬ್ ಆಗಿತ್ತು. ವಿಯರ್ ಅವರ ಅಣ್ಣ ಜಾನ್ ಜೆನ್ನರ್ ವಿಯರ್ ಕೂಡ ಕೀಟ ಮತ್ತು ಹಕ್ಕಿಗಳನ್ನು ಗಮನಿಸಿ ಡಾರ್ವಿನ್, ವಾಲೆಸ್ ಇಬ್ಬರಿಗೂ ಮಾಹಿತಿ ಕೊಟ್ಟವರು.

ಗಾಜಿನ ಅರಮನೆಯಲ್ಲಿ ಬೆಕ್ಕು

ಆಗಿನ ಇಂಗ್ಲೆಂಡಿನಲ್ಲಿ ಪ್ರಾಣಿಗಳ ವಂಶಾವಳಿ ಬರೆದಿಡೋದು ಹೊಸದೇನಲ್ಲ. ರೇಸ್ ಕುದುರೆಗಳ ವಂಶದ ಪುಸ್ತಕ 1791ರಲ್ಲೇ ಬಂದಿತ್ತು. ಶಾರ್ಟ್‌ಹಾರ್ನ್ ದನಗಳದ್ದು 1822ರಲ್ಲಿ. ನಾಯಿಗಳ ಮೊದಲ ದೊಡ್ಡ ಪ್ರದರ್ಶನ 1859ರಲ್ಲಿ ನ್ಯೂಕ್ಯಾಸಲ್‌ನಲ್ಲಿ ನಡೆದಿತ್ತು. ಕುದುರೆ ಓಡುತ್ತದೆ, ದನ ಹಾಲು ಮಾಂಸ ಕೊಡುತ್ತದೆ, ನಾಯಿ ಬೇಟೆಯಾಡುತ್ತದೆ. ದುಡ್ಡಿರುವ ಕಡೆ ದಾಖಲೆ ಇರ್ತದ ನೋಡ್ರಿ. ಬೆಕ್ಕು? ಇಲಿ ಹಿಡಿಯುವ ಕೂಲಿ. ಬೀದಿ ಹುಡುಗರು ಕಲ್ಲು ಹೊಡೆಯುವ ಪ್ರಾಣಿ. ನಮ್ಮಲ್ಲಿ ಈಗಲೂ ಬೆಕ್ಕು ಅಡ್ಡ ಬಂದರೆ ಗಾಡಿ ನಿಲ್ಲಿಸಿ ಎರಡು ನಿಮಿಷ ಕಾಯುವವರಿದ್ದಾರಲ್ಲ, ಅಲ್ಲಿಯೂ ಬೆಕ್ಕಿನ ಬಗ್ಗೆ ಅಂಥವೇ ಭಯ, ತಾತ್ಸಾರ.

ಈ ತಾತ್ಸಾರ ಹೋಗಬೇಕಾದರೆ ಜನ ಬೆಕ್ಕನ್ನು ಸರಿಯಾಗಿ ಕಣ್ಣಿಟ್ಟು ನೋಡಬೇಕು ಎಂದು ವಿಯರ್‌ಗೆ ಅನಿಸಿತು. ಚೆನ್ನಾಗಿ ಸಾಕಿದ ಬೆಕ್ಕುಗಳನ್ನು ಒಂದೆಡೆ ಸೇರಿಸಿ ಬಹುಮಾನ ಕೊಟ್ಟರೆ, ಮನೆಯಲ್ಲಿರುವ ಬೆಕ್ಕಿಗೂ ಒಂದಿಷ್ಟು ಮರ್ಯಾದೆ ಬರುತ್ತದೆ, ಹೊಟ್ಟೆಗೆ ಸರಿಯಾಗಿ ಸಿಗುತ್ತದೆ. ಅವರ ಇಡೀ ಯೋಜನೆಯ ಬೇರು ಇದೇ. ಇದನ್ನ ನೆನಪಿಟ್ಟುಕೊಳ್ರಿ, ಮುಂದೆ ಬೇಕಾಗ್ತದ.

ಪ್ರದರ್ಶನಕ್ಕೆ ಸಿಕ್ಕಿದ ಜಾಗ ಕ್ರಿಸ್ಟಲ್ ಪ್ಯಾಲೇಸ್. ಸಿವಿಲ್ ಬ್ರಾಂಚಿನವರಿಗೆ ಈ ಹೆಸರು ಗೊತ್ತಿರಬೇಕು. 1851ರ ಮಹಾ ಪ್ರದರ್ಶನಕ್ಕೆಂದು ಜೋಸೆಫ್ ಪ್ಯಾಕ್ಸ್ಟನ್ ಕಬ್ಬಿಣ ಮತ್ತು ಗಾಜಿನಲ್ಲಿ ಕಟ್ಟಿದ ಕಟ್ಟಡ. ತುಂಡುಗಳನ್ನು ಮೊದಲೇ ತಯಾರಿಸಿ ತಂದು ಜೋಡಿಸಿದ್ದು. ಆಮೇಲೆ ಬಿಚ್ಚಿ ಸಿಡೆನ್‌ಹ್ಯಾಮ್‌ಗೆ ಒಯ್ದು ಮತ್ತೆ ನಿಲ್ಲಿಸಿದರು. ನಮ್ಮ ಬೆಂಗಳೂರಿನ ಲಾಲ್‌ಬಾಗ್ ಗಾಜಿನ ಮನೆಗೂ ಅದೇ ಪ್ರೇರಣೆ ಅಂತಾರ. ಅಲ್ಲಿ ಹೂವಿನ ಪ್ರದರ್ಶನ ಇದ್ದಂತೆ, ಇಲ್ಲಿ 1871ರ ಜುಲೈ 13ರಂದು ಬೆಕ್ಕುಗಳ ಪ್ರದರ್ಶನ.

ಆ ದಿನ ರೈಲಿನಲ್ಲಿ ಹೋಗುವಾಗ ವಿಯರ್‌ಗೆ ಎದೆ ಡವಡವ. ಪರಿಚಯವಿಲ್ಲದ ಬೆಕ್ಕುಗಳು ಒಂದೇ ಸೂರಿನ ಕೆಳಗೆ ಕೂಡಿದರೆ ಕಿರುಚಾಟ, ಕಾದಾಟ, ಓಡಾಟ ಆಗಿ ನಗೆಪಾಟಲಾದರೆ? ಒಳಗೆ ಹೋಗಿ ನೋಡಿದರೆ ಬೆಕ್ಕುಗಳು ಮೆತ್ತೆಯ ಮೇಲೆ ಆರಾಮಾಗಿ ಮಲಗಿದ್ದವು, ಹಾಲು ಕುಡಿಯುತ್ತಿದ್ದವು, ಗುರ್ ಗುರ್ ಎನ್ನುತ್ತಿದ್ದವು. ಗದ್ದಲ ಮಾಡಿದ್ದು ಬೆಕ್ಕುಗಳಲ್ಲ, ಜನ. ಸುಮಾರು 170 ಬೆಕ್ಕುಗಳಿದ್ದ ಆ ಪ್ರದರ್ಶನಕ್ಕೆ ಎಷ್ಟು ಜನ ಮುಗಿಬಿದ್ದರೆಂದರೆ ಗೂಡಿನ ಹತ್ತಿರ ಹೋಗುವುದೇ ಕಷ್ಟವಾಯಿತು. ಪರ್ಷಿಯನ್ ಇತ್ತು, ಇಂಗ್ಲೆಂಡಿನವರು ಅದುವರೆಗೆ ಹೆಚ್ಚು ಕಂಡಿರದ ಸಯಾಮೀಸ್ ಇತ್ತು, ಬ್ರಿಟನ್ನಿನ ಕಾಡುಬೆಕ್ಕೂ ಇತ್ತು. ಮುಂದಿನ ಪ್ರದರ್ಶನಗಳಲ್ಲಿ ಕೂಲಿ ಕಾರ್ಮಿಕರು ಸಾಕಿದ ಬೆಕ್ಕುಗಳಿಗೆಂದೇ ಬೇರೆ ವಿಭಾಗ ಇಟ್ಟರು. ಬೆಕ್ಕು ಬಡವರ ಮನೆಯ ಪ್ರಾಣಿಯೂ ಹೌದು ಎಂಬುದು ವಿಯರ್‌ಗೆ ಮರೆತಿರಲಿಲ್ಲ.

ತೀರ್ಪುಗಾರರು ಮೂವರು: ವಿಯರ್, ಅವರ ಅಣ್ಣ, ಮತ್ತು ಒಬ್ಬ ಪಾದ್ರಿ. ಅಣ್ಣತಮ್ಮಂದಿರೇ ಪ್ಯಾನೆಲ್ಲಿನಲ್ಲಿ! ಈಗಿನ ನಿಯಮದ ಕಣ್ಣಲ್ಲಿ ನೋಡಿದರೆ ಹುಬ್ಬೇರಿಸಬೇಕಾದದ್ದೇ. ಆದರೆ ನಿಯಮ ಅನ್ನೋದು ಆಗಿನ್ನೂ ಹುಟ್ಟುತ್ತಿತ್ತು.

ನೂರು ಅಂಕದ ಸ್ಕೀಮ್

ಬಹುಮಾನ ಕೊಡಬೇಕಾದರೆ ಯಾವ ಬೆಕ್ಕು ಯಾಕೆ ಮೇಲು ಅಂತ ಹೇಳಬೇಕಲ್ಲ? ನನಗೆ ಇದು ಚೆಂದ ಕಂಡಿತು ಎಂದರೆ ಜಗಳ ಖಚಿತ. ಅದಕ್ಕೇ ವಿಯರ್ ಒಂದು ಅಂಕಪಟ್ಟಿ ತಯಾರಿಸಿದರು. ತಲೆಗಿಷ್ಟು, ಕಣ್ಣಿಗಿಷ್ಟು, ತುಪ್ಪಳಕ್ಕಿಷ್ಟು, ಬಣ್ಣಕ್ಕಿಷ್ಟು, ಮೈಕಟ್ಟಿಗಿಷ್ಟು, ಬಾಲಕ್ಕಿಷ್ಟು, ಗಾತ್ರ ಮತ್ತು ಆರೋಗ್ಯಕ್ಕಿಷ್ಟು. ಒಂದೊಂದು ಬಗೆಯ ಬೆಕ್ಕಿಗೂ ಬೇರೆ ಬೇರೆ ಹಂಚಿಕೆ; ಕೂಡಿಸಿದರೆ 100. ಪೇಪರ್ ತಿದ್ದುವಾಗ ಇಟ್ಟುಕೊಳ್ಳುವ ವ್ಯಾಲ್ಯುವೇಶನ್ ಸ್ಕೀಮ್ ಇದ್ದಂಗೆ. 1889ರಲ್ಲಿ ಬಂದ ಅವರ ಪುಸ್ತಕದಲ್ಲಿ ಈ ಅಂಕಪಟ್ಟಿಗಳೂ, ಬೆಕ್ಕಿನ ಬಗೆಗಳ ವಿವರವೂ, ಅವರೇ ಬರೆದ ಚಿತ್ರಗಳೂ ಇವೆ. ಇಂದು ಜಗತ್ತಿನ ಎಲ್ಲ ಬೆಕ್ಕು ಸಂಘಗಳ ತಳಿ ಮಾನದಂಡಗಳ ಮೂಲ ಇದೇ ಎನ್ನಬಹುದು.

ಆದರೆ ಅಂಕಪಟ್ಟಿ ಹೇಳುವುದು ಎದುರಿಗಿರುವ ಬೆಕ್ಕು ಹೇಗೆ ಕಾಣುತ್ತದೆ ಎಂದು ಮಾತ್ರ. ಅದರ ಮರಿಗಳು ಹೇಗಿರುತ್ತವೆ ಎಂದು ತಿಳಿಯಬೇಕಾದರೆ ಹಿಂದಿನ ತಲೆಮಾರು ಗೊತ್ತಿರಬೇಕು. ಅಲ್ಲಿಗೆ ನೋಂದಣಿ ಬಂತು. 1887ರಲ್ಲಿ ನ್ಯಾಷನಲ್ ಕ್ಯಾಟ್ ಕ್ಲಬ್ ಸ್ಥಾಪನೆಯಾಯಿತು. ವಿಯರ್ ಅದರ ಮೊದಲ ಅಧ್ಯಕ್ಷರು. ಬೆಕ್ಕಿನ ಹೆಸರು, ಹುಟ್ಟಿದ ದಿನ, ಬಣ್ಣ, ತಾಯಿ, ತಂದೆ, ಸಾಕಿದವರು, ಇದನ್ನೆಲ್ಲ ಬರೆದಿಡುವ ವಂಶದ ಪುಸ್ತಕವನ್ನು ಈ ಕ್ಲಬ್ ಆರಂಭಿಸಿತು.

ಬೆಕ್ಕಿನ ವಂಶ ಬರೆಯೋದು ಕುದುರೆಯದ್ದರಷ್ಟು ಸುಲಭ ಅಲ್ಲ. ಕುದುರೆ ಲಾಯದಲ್ಲಿರುತ್ತದೆ, ಬೆಕ್ಕು ರಾತ್ರಿ ಗೋಡೆ ಹಾರುತ್ತದೆ. ಇನ್ನೊಂದು ಸೂಕ್ಷ್ಮವೂ ಇದೆ. ಹೆಣ್ಣು ಬೆಕ್ಕು ಬೆದೆಗೆ ಬಂದಾಗ ಒಂದಕ್ಕಿಂತ ಹೆಚ್ಚು ಗಂಡುಗಳ ಜೊತೆ ಕೂಡಿದರೆ, ಒಂದೇ ಸೂಲಿನ ಮರಿಗಳಿಗೆ ಬೇರೆ ಬೇರೆ ತಂದೆ ಇರಬಹುದು. ಹೀಗಾಗಿ ತಾಯಿಯನ್ನು ಎಷ್ಟು ಭದ್ರವಾಗಿ ಒಳಗಿಟ್ಟಿದ್ದರೋ ಅಷ್ಟೇ ಆ ದಾಖಲೆಗೆ ಬೆಲೆ.

ನಮ್ಮ ಜಿಲ್ಲೆಯ ರೈತರ ಮಕ್ಕಳಿಗೆ ಇದನ್ನ ವಿವರಿಸಬೇಕಾಗಿಲ್ಲ. ಬೀಜದ ಚೀಲಕ್ಕೆ ಕಟ್ಟಿದ ಚೀಟಿ ನೋಡಿರ್ತೀರಿ. ತಳಿವರ್ಧಕ ಬೀಜಕ್ಕೆ ಹಳದಿ, ಅದರಿಂದ ಬೆಳೆದ ಮೂಲ ಬೀಜಕ್ಕೆ ಬಿಳಿ, ಅದರಿಂದ ಬಂದ ಪ್ರಮಾಣಿತ ಬೀಜಕ್ಕೆ ನೀಲಿ ಚೀಟಿ. ಮೂರು ತಲೆಮಾರಿನ ವಂಶಾವಳಿಯೇ ಅದು. ಗಂಗಾವತಿ ಕಡೆ ಭತ್ತದ ಬೀಜದ ಹೊಲಕ್ಕೂ ಪಕ್ಕದ ಭತ್ತಕ್ಕೂ 3 ಮೀಟರ್ ಅಂತರ ಸಾಕು, ಯಾಕಂದರೆ ಭತ್ತ ತನ್ನ ಪರಾಗದಿಂದ ತಾನೇ ಕಾಳು ಕಟ್ಟುತ್ತದೆ. ಕುಷ್ಟಗಿ, ಯಲಬುರ್ಗಾ ಕಡೆಯ ಸಜ್ಜೆಯದ್ದು ಹಾಗಲ್ಲ, ಗಾಳಿಗೆ ಪರಾಗ ಹಾರುತ್ತದೆ. ಪ್ರಮಾಣಿತ ಬೀಜಕ್ಕೆ 200 ಮೀಟರ್ ಅಂತರ ಬೇಕು. ಬೆಕ್ಕು ಸಜ್ಜೆಯ ಜಾತಿಗೆ ಸೇರಿದ್ದು ಅಂತ ಇಟ್ಕೊಳ್ರಿ. ಬೇಲಿ ಇಲ್ಲದಿದ್ದರೆ ಚೀಟಿಗೆ ಅರ್ಥವಿಲ್ಲ.

ಕುರ್ಚಿ ಬಿಟ್ಟದ್ದು

ಕ್ಲಬ್ ಬೆಳೆಯಿತು. ಪ್ರದರ್ಶನಗಳು ಹೆಚ್ಚಾದವು. ಪದಕ ಗೆದ್ದ ಗಂಡು ಬೆಕ್ಕಿಗೆ, ಅದರ ಮರಿಗಳಿಗೆ ಬೆಲೆ ಬಂತು. ಬೆಲೆ ಬಂದ ಕೂಡಲೇ ಲೆಕ್ಕಾಚಾರವೂ ಬಂತು. ಬೆಕ್ಕಿನ ಸುಖಕ್ಕಿಂತ ಪದಕವೇ ಮುಖ್ಯವಾದವರು ಕ್ಲಬ್ಬಿನಲ್ಲಿ ಹೆಚ್ಚಾಗುತ್ತಿದ್ದಾರೆ ಎಂದು ವಿಯರ್‌ಗೆ ಅನಿಸತೊಡಗಿತು. ಬೀದಿಯಲ್ಲಿ ಕಲ್ಲೇಟು ತಿನ್ನುವ ಬೆಕ್ಕಿಗೆ ಮರ್ಯಾದೆ ಬರಲಿ ಎಂದು ಶುರು ಮಾಡಿದ್ದು, ಗೆಲ್ಲುವ ಬೆಕ್ಕಿಗೆ ಮಾತ್ರ ಮರ್ಯಾದೆ ಕೊಡುವ ಆಟವಾಗುತ್ತಿತ್ತು.

1890ರಲ್ಲಿ ಅವರು ಅಧ್ಯಕ್ಷ ಸ್ಥಾನಕ್ಕೆ ರಾಜೀನಾಮೆ ಕೊಟ್ಟರು. ಆಗ ಅವರಿಗೆ 66 ವರ್ಷ. ಗೌರವ ಅಧ್ಯಕ್ಷ ಅಂತ ಹೆಸರು ಹಾಕಿಸಿಕೊಂಡು ವೇದಿಕೆಯ ಮೇಲೆ ಕೂರಬಹುದಿತ್ತು. ಬೆಕ್ಕು ಪ್ರದರ್ಶನಗಳ ಜನಕ ಎಂದು ಲೋಕವೇ ಒಪ್ಪಿತ್ತು. ಆದರೂ ಬಿಟ್ಟರು. ಅವರ ಜಾಗಕ್ಕೆ ಬಂದವರು ಬೆಕ್ಕಿನ ತಮಾಷೆಯ ಚಿತ್ರಗಳಿಂದ ಮನೆಮಾತಾಗಿದ್ದ ಕಲಾವಿದ ಲೂಯಿ ವೇನ್.

ವಿಯರ್ ಅವರ ಕೊನೆಯ ವರ್ಷಗಳು ಶ್ರೀಮಂತಿಕೆಯವಲ್ಲ. 1891ರಲ್ಲಿ ಸರ್ಕಾರ ಅವರಿಗೆ ವರ್ಷಕ್ಕೆ 100 ಪೌಂಡ್ ಪಿಂಚಣಿ ಮಂಜೂರು ಮಾಡಿತು. ಕೆಂಟ್ ಪ್ರಾಂತದಲ್ಲಿ ಅವರು ಕಟ್ಟಿಸಿದ್ದ ವಿಯರ್ಲೀ ಎಂಬ ಮನೆ ಆಗಲೇ ಬೇರೆಯವರ ಕೈಗೆ ಹೋಗಿತ್ತು. ಕವಿ ಸಿಗ್‌ಫ್ರಿಡ್ ಸಸೂನ್ ಹುಟ್ಟಿದ್ದು ಅದೇ ಮನೆಯಲ್ಲಿ. ಕೈ ಮಾತ್ರ ಸುಮ್ಮನೆ ಕೂರಲಿಲ್ಲ. ಹಲವು ವರ್ಷ ಹಿಂದೆ ಹಿಡಿದಿದ್ದ ಕೋಳಿಗಳ ಬಗೆಗಿನ ದೊಡ್ಡ ಗ್ರಂಥವನ್ನು ಎಪ್ಪತ್ತೈದು ದಾಟಿದ ಮೇಲೆ ಮುಗಿಸಿ ಪ್ರಕಟಿಸಿದರು. 1906ರ ಜನವರಿ 3ರಂದು ಕೆಂಟಿನ ಆಪಲ್‌ಡೋರ್‌ನಲ್ಲಿ ತೀರಿಕೊಂಡರು. ಇಲಸ್ಟ್ರೇಟೆಡ್ ಲಂಡನ್ ನ್ಯೂಸ್‌ನ ಮೊದಲ ಬಳಗದಲ್ಲಿ ಕೊನೆಗೆ ಉಳಿದಿದ್ದವರು ಅವರೊಬ್ಬರೇ.

ಅವರ ನಂತರದ ರೂಲ್‌ಬುಕ್

ವಿಯರ್ ಹೋದ ಮೇಲೆ ನಿಯಮಗಳು ನಿಲ್ಲಲಿಲ್ಲ. 1898ರಲ್ಲಿ ಇನ್ನೊಂದು ಕ್ಲಬ್ ಹುಟ್ಟಿ ತನ್ನದೇ ನೋಂದಣಿ ಶುರು ಮಾಡಿತ್ತು. ಇಲ್ಲಿ ನೋಂದಾಯಿಸಿದ ಬೆಕ್ಕನ್ನು ಅಲ್ಲಿ ಒಪ್ಪೋದಿಲ್ಲ, ಅಲ್ಲಿಯದ್ದನ್ನು ಇಲ್ಲಿ ಒಪ್ಪೋದಿಲ್ಲ ಎಂಬ ಜಗಳ ವರ್ಷಗಟ್ಟಲೆ ನಡೆಯಿತು. ಕೊನೆಗೆ 1910ರಲ್ಲಿ ಬೆಕ್ಕು ಕ್ಲಬ್ಬುಗಳೆಲ್ಲ ಸೇರಿ ಒಂದೇ ಆಡಳಿತ ಮಂಡಳಿ ಮಾಡಿಕೊಂಡವು. ಬ್ರಿಟನ್ನಿನ ಆ ಮಂಡಳಿ ಈಗಲೂ ನಡೆಯುತ್ತಿದೆ.

ಅದರ ನಿಯಮಗಳನ್ನು ನೋಡಿದರೆ ನಮಗೆ ಗೊತ್ತಿರುವ ಎಷ್ಟೋ ಸಂಗತಿ ಕಾಣುತ್ತವೆ. ಮರಿ ಹುಟ್ಟಿಸುವವರು ಮೊದಲು ತಮ್ಮ ಮನೆತನದ ಒಂದು ಹೆಸರನ್ನು ನೋಂದಾಯಿಸಬೇಕು; ಅವರ ಮನೆಯ ಪ್ರತಿ ಮರಿಯ ಹೆಸರಿನ ಮುಂದೆ ಅದು ಬರುತ್ತದೆ. ನೋಂದಣಿಯಲ್ಲಿ ಎರಡು ಬಗೆ. ಒಂದರಲ್ಲಿರುವ ಬೆಕ್ಕಿನ ಮರಿಗಳನ್ನು ಮುಂದೆಯೂ ನೋಂದಾಯಿಸಬಹುದು. ಇನ್ನೊಂದರಲ್ಲಿರುವುದು ಸಾಕುವುದಕ್ಕೆ ಮಾತ್ರ, ಅದರ ಮರಿಗಳಿಗೆ ಪೇಪರ್ ಸಿಗೋದಿಲ್ಲ. ಲಸಿಕೆ ಆಗಿ 13 ವಾರ ತುಂಬುವ ತನಕ ಮರಿಯನ್ನು ಹೊಸ ಮನೆಗೆ ಕಳಿಸಬಾರದು ಎನ್ನುತ್ತಾರೆ. ಪ್ರದರ್ಶನದಲ್ಲಿ ಗೂಡಿನ ಬಟ್ಟೆ, ತಟ್ಟೆ ಎಲ್ಲ ಬಿಳಿ, ಮೇಲೆ ಬರೀ ನಂಬರು. ಬೆಕ್ಕು ಯಾರದ್ದು ಎಂದು ತೀರ್ಪುಗಾರರಿಗೆ ಗೊತ್ತಾಗಬಾರದು. ಉತ್ತರ ಪತ್ರಿಕೆಯ ಮೇಲೆ ಯುಎಸ್ಎನ್ ಮುಚ್ಚಿ ಕೋಡ್ ಹಾಕ್ತಾರಲ್ಲ, ಹಾಗೆ.

ವಿಯರ್‌ಗೆ ಕಾಡಿದ್ದ ಅಪಾಯ ಮಾತ್ರ ಅವರು ಊಹಿಸಿದ್ದಕ್ಕಿಂತ ದೊಡ್ಡದಾಗಿ ಬಂತು. ಅವರು ಬರೆದ ಪರ್ಷಿಯನ್ ಬೆಕ್ಕಿನ ಚಿತ್ರ ನೋಡಿದರೆ ಮೂಗು ಮೂಗಿನಂತೆಯೇ ಇದೆ. ಮುಖ ಚಪ್ಪಟೆ ಇದ್ದಷ್ಟೂ ಚೆಂದ ಎಂದು ಇಪ್ಪತ್ತನೇ ಶತಮಾನದಲ್ಲಿ ಆರಿಸುತ್ತ ಹೋದರು. ತಲೆಮಾರಿನಿಂದ ತಲೆಮಾರಿಗೆ ಮೂಗು ಒಳಗೆ ಹೋಯಿತು, ಉಸಿರಾಟ ಕಷ್ಟವಾಯಿತು, ಕಣ್ಣಲ್ಲಿ ನೀರು ಸುರಿಯತೊಡಗಿತು. ಕೊನೆಗೆ ಮೂಗಿನ ಮೇಲಂಚು ಕಣ್ಣಿನ ಕೆಳಂಚಿಗಿಂತ ಮೇಲೆ ಇರಬಾರದು ಎಂದು ಬ್ರಿಟನ್ನಿನ ಮಂಡಳಿ ನಿಯಮ ಬರೆಯಬೇಕಾಯಿತು. ಅಷ್ಟೇ ಅಲ್ಲ, ಗೆದ್ದ ಕೆಲವೇ ಗಂಡುಗಳನ್ನು ಎಲ್ಲರೂ ಬಳಸಿದರೆ ಅವುಗಳ ದೋಷವೂ ಎಲ್ಲ ಕಡೆ ಹರಡುತ್ತದೆ. ಮೂತ್ರಪಿಂಡದಲ್ಲಿ ನೀರುಗುಳ್ಳೆ ತುಂಬುವ ಆನುವಂಶಿಕ ರೋಗ ಪರ್ಷಿಯನ್ ಬೆಕ್ಕುಗಳಲ್ಲಿ ಹೀಗೇ ವ್ಯಾಪಕವಾಯಿತು. ಅದಕ್ಕೆ ಕಾರಣವಾದ ಜೀನ್ ದೋಷ ಗುರುತಾಗಿದ್ದು 2004ರಲ್ಲಿ. ಒಡಹುಟ್ಟಿದವುಗಳನ್ನೇ ಕೂಡಿಸಿದರೆ ಮರಿಯ ಜೀನ್ ಜೋಡಿಗಳಲ್ಲಿ 25 ಪ್ರತಿಶತ ಒಂದೇ ಮೂಲದ ನಕಲು ಆಗುವ ಸಂಭವ ಇರುತ್ತದೆ. ಪೇಪರ್ ಪಕ್ಕಾ ಇದೆ ಅಂದ ಮಾತ್ರಕ್ಕೆ ಬೆಕ್ಕು ಗಟ್ಟಿ ಇದೆ ಅಂತಲ್ಲ.

ಅದೇ ದಾಖಲೆ ಕಾಪಾಡಿದ್ದೂ ಉಂಟು. ಕಿವಿ ಮಡಚಿದ ಸ್ಕಾಟಿಷ್ ಫೋಲ್ಡ್ ಬೆಕ್ಕು 1961ರಲ್ಲಿ ಸ್ಕಾಟ್ಲೆಂಡಿನ ಒಂದು ತೋಟದಲ್ಲಿ ಕಂಡಿತು, ನೋಡಿದವರೆಲ್ಲ ಮರುಳಾದರು. ಕಿವಿ ಮಡಚಿಸುವ ಅದೇ ಜೀನ್ ಕೀಲುಗಳ ಮೃದು ಎಲುಬನ್ನೂ ಕೆಡಿಸಿ ನೋವು ತರುತ್ತದೆ ಎಂಬುದು ಆಮೇಲೆ ತಿಳಿಯಿತು. 1970ರ ದಶಕದ ಆರಂಭದಲ್ಲೇ ಬ್ರಿಟನ್ನಿನ ಮಂಡಳಿ ಈ ಬೆಕ್ಕುಗಳ ನೋಂದಣಿ ನಿಲ್ಲಿಸಿತು. ಎಷ್ಟೇ ಮುದ್ದಾಗಿದ್ದರೂ ಇದನ್ನ ಬರಕೊಳ್ಳೋದಿಲ್ಲ ಅಂತ ಪುಸ್ತಕ ಮುಚ್ಚೋದೂ ಒಂದು ನಿಯಮವೇ.

ನಮ್ಮ ಕಡೆಗೆ ಬಂದರೆ, ಕುಷ್ಟಗಿ ದಾಟಿ ಬಾಗಲಕೋಟೆ ಕಡೆ ಹೋದರೆ ಮುಧೋಳ. ಅಲ್ಲಿಯ ಘೋರ್ಪಡೆ ಸಂಸ್ಥಾನದವರು ಪೋಷಿಸಿದ ಬೇಟೆನಾಯಿ ತಳಿ 2005ರಲ್ಲಿ ಅಂಚೆಚೀಟಿಯ ಮೇಲೂ ಬಂತು. ಬೆಕ್ಕಿಗೆ ನಮ್ಮಲ್ಲಿ ಅಂಥ ಆಶ್ರಯದಾತರು ಸಿಗಲಿಲ್ಲ. ಈಗ ಊರೂರಲ್ಲೂ ಪರ್ಷಿಯನ್ ಮಾರುವವರಿದ್ದಾರೆ; 2018ರ ಪೆಟ್ ಶಾಪ್ ನಿಯಮಗಳ ಪ್ರಕಾರ ಅಂಗಡಿಯವರು ರಾಜ್ಯದ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಳ್ಳಬೇಕು. ಯಾರಾದರೂ ಪೇಪರ್ ಇದೆ ಎಂದರೆ ಕೇಳಬೇಕಾದ ಪ್ರಶ್ನೆಗಳು ಸರಳ. ಕೊಟ್ಟ ಸಂಘ ಯಾವುದು? ತಾಯಿ ತಂದೆಯ ನೋಂದಣಿ ಸಂಖ್ಯೆ ಎಲ್ಲಿದೆ? ಒಂದೇ ಹೆಸರು ಎರಡೂ ಕಡೆ ಬಂದಿದೆಯಾ? ತಾಯಿಯನ್ನು ತೋರಿಸ್ತೀರಾ? ಇವಕ್ಕೆ ಉತ್ತರ ಇಲ್ಲದ ಪೇಪರ್ ಬರೀ ಜೆರಾಕ್ಸ್.

ಬ್ರಿಟನ್ನಿನ ಪ್ರದರ್ಶನಗಳಲ್ಲಿ ಇಂದಿಗೂ ವಂಶಾವಳಿ ಇಲ್ಲದ ಮನೆ ಬೆಕ್ಕುಗಳಿಗೆಂದೇ ಒಂದು ವಿಭಾಗ ಇದೆ. ಅಲ್ಲಿ ಮೂಗಿನ ಉದ್ದ, ಕಿವಿಯ ಕೋನ ಅಳೆಯೋದಿಲ್ಲ. ಆರೋಗ್ಯ ಹೇಗಿದೆ, ಸ್ವಭಾವ ಹೇಗಿದೆ, ಚೆನ್ನಾಗಿ ನೋಡಿಕೊಂಡಿದ್ದಾರಾ ಎಂದು ಮಾತ್ರ ನೋಡುತ್ತಾರೆ. 1871ರಲ್ಲಿ ವಿಯರ್ ರೈಲು ಹತ್ತಿದ್ದು ಇಷ್ಟಕ್ಕಾಗಿಯೇ. ಎಂಜಿನಿಯರುಗಳಾಗಿ ನಾಳೆ ನಾವೂ ಒಂದಲ್ಲ ಒಂದು ಸ್ಟ್ಯಾಂಡರ್ಡ್ ಬರೆಯುತ್ತೇವೆ, ಯಾವುದಕ್ಕೋ ನೂರಕ್ಕೆ ಅಂಕ ಹಂಚುತ್ತೇವೆ. ಅದನ್ನ ಯಾತಕ್ಕೆ ಬರೆದೆವು ಅನ್ನೋದನ್ನ ಅದೇ ಹಾಳೆಯ ಮೇಲೆ ಮೊದಲ ಸಾಲಿನಲ್ಲಿ ಬರೆದಿಟ್ಟರೆ ಒಳ್ಳೇದು. ಬರೆದವರು ಬಿಟ್ಟು ಹೋದ ಮೇಲೆ ಓದುವವರಿಗೆ ಬೇಕಾಗ್ತದ.